ಮಾವನ ಹಾರ್ಡ್ ಡಿಸ್ಕಿನಲ್ಲಿ ಒತ್ತುವರಿ

ಕಂದಾಯ ಇಲಾಖೆಯ ಭಾಷೆಯಲ್ಲಿ ಹೇಳಬೇಕೆಂದರೆ ನಾನು ಮಾಡಿದ್ದು ಒತ್ತುವರಿ. ಕುಣಿಗಲ್ಲಿನಲ್ಲಿದ್ದ ನನ್ನ ಸೋದರಮಾವನ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ ಅರ್ಧ ಜಾಗಕ್ಕೆ, ಅವರಿಗೆ ಒಂದು ಮಾತೂ ಹೇಳದೆ ಬೇಲಿ ಹಾಕಿಕೊಂಡು, ಅಲ್ಲಿ ಲಿನಕ್ಸ್ ಹಾಕಿದೆ. ಲಿನಕ್ಸ್ ಎಂದರೆ ವಿಂಡೋಸಿನ ಹಾಗೆಯೇ ಕಂಪ್ಯೂಟರನ್ನು ನಡೆಸುವ, ಆದರೆ ಮುಕ್ತವಾದ ತಂತ್ರಾಂಶ. ಒಳಗೆ ಏನಿದೆ ಎಂದು ಯಾರು ಬೇಕಾದರೂ ತೆರೆದು ನೋಡಬಹುದು, ಯಾರೂ ಯಾರಿಂದಲೂ ಏನನ್ನೂ ಮುಚ್ಚಿಡುವಂತಿಲ್ಲ ಎನ್ನುವುದೇ ಅದರ ಧರ್ಮ. ಅಂಥ ಧರ್ಮವನ್ನು ಅಷ್ಟು ಗುಟ್ಟಾಗಿ ಸ್ಥಾಪನೆ ಮಾಡಿದವನು ಇಡೀ ತುಮಕೂರು ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ನಾನು ಹಿರೇಹಳ್ಳಿಯ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ಎಣಿಸಿ ಕೊಡುವ ಕೆಲಸದಲ್ಲಿದ್ದೆ. ಶೆಟ್ಟಿಹಳ್ಳಿಯಲ್ಲಿ ಬಾಡಿಗೆ ರೂಮು. ಕಾರ್ಖಾನೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ಅದಕ್ಕೆ ಮ್ಯಾನೇಜರರ ಮನೆಯವರು ಕಸೂತಿ ಹಾಕಿ ಹೊಲಿದುಕೊಟ್ಟ ಹೊದಿಕೆಯೂ ಇತ್ತು. ಆ ಹೊದಿಕೆ ತೆಗೆಯುವ ಅಧಿಕಾರ ಮಾತ್ರ ಯಾರಿಗೂ ಇದ್ದಂತಿರಲಿಲ್ಲ. ನನ್ನ ರೂಮಿನಲ್ಲಿ ಕಂಪ್ಯೂಟರ್ ಪತ್ರಿಕೆಗಳ ಜೊತೆ ಪುಕ್ಕಟೆ ಬಂದ ಸೀಡಿಗಳ ಕಟ್ಟೊಂದಿತ್ತು, ಅದರಲ್ಲಿ ಮೂರು ಬಗೆಯ ಲಿನಕ್ಸ್ ಇದ್ದವು, ಹಾಕಿ ನೋಡಲು ಕಂಪ್ಯೂಟರ್ ಇರಲಿಲ್ಲ. ಲಾಳ ಸಿಕ್ಕಿದವನು ಕುದುರೆ ಹುಡುಕಿಕೊಂಡು ಹೊರಟ ಹಾಗೆ ನಾನು ಪ್ರತಿ ಭಾನುವಾರ ಕುಣಿಗಲ್ಲಿನ ಬಸ್ಸು ಹತ್ತತೊಡಗಿದೆ. ಕುದುರೆಗೆಂದೇ ಕುಣಿಗಲ್ಲಿನ ಸ್ಟಡ್ ಫಾರಮ್ಮಿಗೆ ಬರುವವರು ಮೊದಲಿನಿಂದಲೂ ಇದ್ದದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಮಾವ ಮೂವತ್ತು ವರ್ಷ ಬಸ್ ನಿಲ್ದಾಣಗಳಲ್ಲಿ ಟೈಮ್ ಕೀಪರ್ ಆಗಿದ್ದವರು. ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೊರಟಿತು ಎಂದು ಬರೆದುಕೊಳ್ಳುವುದು, ಹೊತ್ತಾದ ತಕ್ಷಣ ಸೀಟಿ ಊದುವುದು ಅವರ ಕೆಲಸ. ಡ್ರೈವರ್ ಕಾಫಿ ಲೋಟ ಬಾಯಿಗಿಟ್ಟಿದ್ದರೂ ಊದುತ್ತಿದ್ದರಂತೆ. ನಿವೃತ್ತರಾದ ಮೇಲೆ ಊದಲು ಏನೂ ಇರಲಿಲ್ಲ. ಅವರ ಅಪ್ಪ ಪಂಚಾಂಗ ನೋಡಿ ಪ್ರಶ್ನೆ ಹೇಳುತ್ತಿದ್ದವರು. ಪ್ರಶ್ನೆ ಎಂದರೆ, ಜಾತಕ ಇಲ್ಲದವರು ಬಂದು ‘ಎಮ್ಮೆ ಕಳೆದಿದೆ, ಸಿಗುತ್ತದೆಯೇ’ ಎಂದು ಕೇಳಿದರೆ, ಕೇಳಿದ ಆ ಗಳಿಗೆಗೇ ಕುಂಡಲಿ ಹಾಕಿ ಉತ್ತರ ಹೇಳುವುದು. ಹುಟ್ಟಿದ ಹೊತ್ತು ಬೇಕಿಲ್ಲ, ಕೇಳಿದ ಹೊತ್ತು ಸಾಕು. ಮಾವನಿಗೆ ಅಪ್ಪನ ವಿದ್ಯೆ ಬಂದಿರಲಿಲ್ಲ, ಹೊತ್ತಿನ ಮೇಲಿನ ಭಕ್ತಿ ಮಾತ್ರ ಬಂದಿತ್ತು. ಉಳಿದದ್ದನ್ನು ಮಿಷನ್ನಿಗೆ ಬಿಡೋಣ ಎಂದು ಒಂದು ಕಂಪ್ಯೂಟರನ್ನೂ ಜ್ಯೋತಿಷ್ಯದ ಒಂದು ಸೀಡಿಯನ್ನೂ ತಂದು, ಕೆರೆ ಕಡೆಯ ಮನೆಯ ಜಗಲಿಗೆ ‘ಕಂಪ್ಯೂಟರ್ ಪ್ರಶ್ನೆ: ನಿಖರ, ನಿಷ್ಪಕ್ಷಪಾತ’ ಎಂಬ ಬೋರ್ಡು ಹಾಕಿದರು.

ಆ ಬೋರ್ಡಿಗೆ ಜನ ಮರುಳಾದದ್ದು ನೋಡಬೇಕಿತ್ತು. ಮನುಷ್ಯ ಹೇಳಿದರೆ ಹತ್ತು ಅನುಮಾನ, ಪರದೆಯ ಮೇಲೆ ಬಂದರೆ ವೇದ. ಕೇಳುವವರು ಮಣೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂರಬೇಕು. ಮಾವ ಒಂದು ಕಣ್ಣು ಗೋಡೆ ಗಡಿಯಾರದ ಮೇಲೆ, ಒಂದು ಬೆರಳು ಕೀಲಿಯ ಮೇಲೆ ಇಟ್ಟುಕೊಂಡು ಕಾಯುತ್ತಿದ್ದರು. ಪ್ರಶ್ನೆ ಬಾಯಿಂದ ಹೊರಬಿದ್ದ ಕ್ಷಣ “ಕೇಳಿದ್ದಾಯ್ತಾ? ರೈಟ್!” ಎಂದು ಕೀಲಿ ಒತ್ತುತ್ತಿದ್ದರು. ಪ್ರೋಗ್ರಾಮು ಕಂಪ್ಯೂಟರಿನ ಒಳಗಿನ ಗಡಿಯಾರ ನೋಡಿಕೊಂಡು ಕುಂಡಲಿ ಬಿಡಿಸಿ, ಕೆಳಗೆ ಮೂರು ನಾಲ್ಕು ಪದಗಳ ಫಲವನ್ನೂ, ಸೂರ್ಯ ಹುಟ್ಟಿ ಎಷ್ಟು ಘಟಿ ಎಷ್ಟು ವಿಘಟಿ ಆಯಿತು ಎಂಬ ಲೆಕ್ಕವನ್ನೂ ತೋರಿಸುತ್ತಿತ್ತು. ಒಂದು ಘಟಿ ಎಂದರೆ ಇಪ್ಪತ್ತನಾಲ್ಕು ನಿಮಿಷ ಎನ್ನುವುದಷ್ಟೇ ಮಾವನಿಗೆ ಗೊತ್ತಿದ್ದದ್ದು. ಹಾಗಿದ್ದರೂ ಹಳೆಯ ಅಭ್ಯಾಸ ಬಿಡಲಾಗದೆ ಉದ್ದನೆಯ ರಿಜಿಸ್ಟರಿಗೆ ಗೆರೆ ಎಳೆದು, ಕ್ರಮಸಂಖ್ಯೆ, ಕೇಳಿದವರ ಹೆಸರು, ಗೋಡೆ ಗಡಿಯಾರದ ಹೊತ್ತು, ಮಿಷನ್ನಿನ ಘಟಿ ಎಂದು ಬರೆದಿಡುತ್ತಿದ್ದರು. ನಾನು ಅದನ್ನು ನೋಡಿ ಒಳಗೊಳಗೇ ನಗುತ್ತಿದ್ದೆ.

ನಾನು ಆ ಮನೆಯ ‘ಸರ್ವಿಸ್ ಎಂಜಿನಿಯರ್’. ಅಂದರೆ ಭಾನುವಾರ ಅತ್ತೆಯ ಕೈಯ ಮುದ್ದೆ ಉಂಡು, ಕಂಪ್ಯೂಟರಿನ ಡಬ್ಬ ಬಿಚ್ಚಿ, ರ್‍ಯಾಮ್ ತೆಗೆದು ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ ಮತ್ತೆ ಸಿಕ್ಕಿಸುವುದು. ನಮ್ಮ ಕಡೆ ಕಂಪ್ಯೂಟರಿನ ಸಕಲ ರೋಗಕ್ಕೂ ಅದೊಂದೇ ಔಷಧಿ, ಅದರಿಂದ ವಾಸಿಯಾಗದ್ದಕ್ಕೆ ‘ಮದರ್ ಬೋರ್ಡ್ ಹೋಗಿದೆ’ ಎಂದು ಹೇಳಿ ಕೈ ತೊಳೆದುಕೊಳ್ಳುವುದು ರೂಢಿ. ಮಾವನಿಗೆ ಪರದೆಯ ಮೇಲಿನ ಚಿತ್ರಗಳ ನಡುವೆ ದಾರಿ ತಪ್ಪುತ್ತಿತ್ತು. ಹಾಗಾಗಿ ಸ್ವಿಚ್ ಹಾಕಿದೊಡನೆ ಜ್ಯೋತಿಷ್ಯದ ಪ್ರೋಗ್ರಾಮೇ ಪರದೆ ತುಂಬ ತೆರೆದುಕೊಳ್ಳುವ ಹಾಗೆ ಮಾಡಿಕೊಟ್ಟೆ. ಮೂಲೆಯಲ್ಲಿ ಹೊತ್ತು ತೋರಿಸುವ ಪಟ್ಟಿ ಅದರ ಹಿಂದೆ ಮುಚ್ಚಿಹೋಯಿತು. ಆ ಅನುಕೂಲಕ್ಕೆ ಮಾವ ನನಗೆ ಒಂದು ಶರ್ಟು ಪೀಸು ಕೊಟ್ಟರು.

ಆಷಾಢ ಮಾಸದ ಒಂದು ಭಾನುವಾರ, ಅವರು ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಒತ್ತುವರಿ ನಡೆಯಿತು. ಲಿನಕ್ಸ್ ಹಾಕುವಾಗ ಅದು ಒಂದು ಪ್ರಶ್ನೆ ಕೇಳಿತು: ಈ ಯಂತ್ರದ ಒಳಗಿನ ಗಡಿಯಾರ ಊರಿನ ಹೊತ್ತಿನಲ್ಲಿರಬೇಕೋ, ಗ್ರೀನಿಚ್ಚಿನ ಹೊತ್ತಿನಲ್ಲಿರಬೇಕೋ? ನಾನು ವಿಶ್ವಮಾನವನ ಠೀವಿಯಲ್ಲಿ ಗ್ರೀನಿಚ್ ಎಂದೆ. ಲಿನಕ್ಸಿಗೇನೂ ತೊಂದರೆಯಿಲ್ಲ. ಅದು ಒಳಗಿನ ಗಡಿಯಾರವನ್ನು ಐದೂವರೆ ಗಂಟೆ ಹಿಂದೆ ಇಟ್ಟು, ತೋರಿಸುವಾಗ ಐದೂವರೆ ಗಂಟೆ ಸೇರಿಸಿ ಸರಿಯಾಗಿ ತೋರಿಸುತ್ತದೆ. ಡಿಸ್ಕಿನ ಇನ್ನರ್ಧದಲ್ಲಿದ್ದ ಮಾವನ ವಿಂಡೋಸಿಗೆ ಈ ಒಳಒಪ್ಪಂದ ಯಾರು ಹೇಳಬೇಕು? ಅದು ಒಳಗಿನ ಗಡಿಯಾರ ಏನು ಹೇಳಿತೋ ಅದನ್ನೇ ನಂಬಿತು. ಆವತ್ತಿನಿಂದ ಕುಣಿಗಲ್ಲಿನಲ್ಲಿ ಬೆಳಿಗ್ಗೆ ಹತ್ತೂವರೆಗೆ ಕೇಳಿದ ಪ್ರಶ್ನೆಗೆ ಬೆಳಗಿನ ಜಾವ ಐದು ಗಂಟೆಯ ಗ್ರಹಗಳು ಉತ್ತರ ಹೇಳತೊಡಗಿದವು. ಇದು ನನಗೆ ತಿಳಿದದ್ದು ಮೂರು ತಿಂಗಳ ಮೇಲೆ.

ಆ ಮೂರು ತಿಂಗಳಲ್ಲಿ ನನಗೆ ಬೇರೆ ಕೆಲಸಗಳಿದ್ದವು. ತುಮಕೂರಿನ ಒಂದು ಟ್ಯುಟೋರಿಯಲ್ಲಿನ ಹಿಂದಿನ ಕೋಣೆಯಲ್ಲಿ ಪ್ರತಿ ಶನಿವಾರ ಸಂಜೆ ನಾವು ಐದು ಜನ ಸೇರಿ ಮುಕ್ತ ತಂತ್ರಾಂಶದ ಉದ್ಧಾರ ಮಾಡುತ್ತಿದ್ದೆವು. ಉದ್ಧಾರವೆಂದರೆ, ಯಾರ ಪ್ರಿಂಟರ್ ಯಾಕೆ ನಡೆಯುತ್ತಿಲ್ಲ, ಯಾರ ಸೌಂಡ್ ಕಾರ್ಡು ಯಾಕೆ ಉಸಿರೆತ್ತುತ್ತಿಲ್ಲ ಎಂದು ವಿವರಿಸಿ, ಅದಕ್ಕೆ ಜಗತ್ತಿನ ದೊಡ್ಡ ಕಂಪನಿಗಳನ್ನು ಬೈದು, ಬೋಂಡಾ ತಿಂದು ಏಳುವುದು. ಅಲ್ಲಿಗೆ ಒಂದು ಶನಿವಾರ ಗುಬ್ಬಿಯಿಂದ ಒಬ್ಬಾಕೆ ಕಂಪ್ಯೂಟರಿನ ಡಬ್ಬವನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ಬಂದಳು. ಗುಬ್ಬಿಯಲ್ಲಿ ಕೊಬ್ಬರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಟೈಪಿಂಗು, ಡಿಟಿಪಿ ಹೇಳಿಕೊಡುತ್ತಿದ್ದಳು. ಲಿನಕ್ಸ್ ಹಾಕಿಕೊಂಡಿದ್ದಾಳೆ, ಒಳಗಿನ ಮೋಡೆಮ್ ಫೋನ್ ಮಾಡುತ್ತಿಲ್ಲ. ನಾನು ಮುಕ್ಕಾಲು ಗಂಟೆ ಭಾಷಣ ಮಾಡಿದೆ. ಇದು ಅರ್ಧ ಮೋಡೆಮ್, ಉಳಿದರ್ಧ ಕೆಲಸವನ್ನು ಕಂಪನಿಯವರ ಗುಟ್ಟಿನ ತಂತ್ರಾಂಶ ಮಾಡುತ್ತದೆ, ಗುಟ್ಟು ಎನ್ನುವುದೇ ದಾಸ್ಯದ ಮೂಲ, ಇತ್ಯಾದಿ.

ಆಕೆ ಪೂರ್ತಿ ಕೇಳಿ, “ಅದೆಲ್ಲ ಸರಿ. ಈಗ ಇದನ್ನ ಏನ್ ಮಾಡ್ಬೇಕು?” ಎಂದಳು.

ಅದು ನನಗೆ ಗೊತ್ತಿರಲಿಲ್ಲ. ಮುಂದಿನ ಶನಿವಾರದ ಹೊತ್ತಿಗೆ ಆಕೆ ಯಾರೋ ಮೂಲೆಗೆಸೆದಿದ್ದ, ಹೊರಗಿಡುವ ಹಳೆಯ ಮೋಡೆಮ್ ಒಂದನ್ನು ಹುಡುಕಿ ಸಿಕ್ಕಿಸಿ, ಅದು ಕೀರಲು ದನಿಯಲ್ಲಿ ಕೂಗಿ ಇಂಟರ್ನೆಟ್ಟಿಗೆ ತಗುಲಿಕೊಂಡ ಸುದ್ದಿಯೊಂದಿಗೆ ಬಂದಳು. ನಮ್ಮ ಐದು ಜನರ ಪೈಕಿ ಯಾರ ಮೋಡೆಮ್ಮೂ ಅಲ್ಲಿಯವರೆಗೆ ಕೂಗಿರಲಿಲ್ಲ.

ಆಮೇಲೆ ನಾನು ಏನಾದರೊಂದು ನೆಪ ಮಾಡಿಕೊಂಡು ಗುಬ್ಬಿಗೆ ಹೋಗತೊಡಗಿದೆ. ಆಕೆಯ ಕ್ಲಾಸಿನಲ್ಲಿ ನಾಲ್ಕು ಹಳೆಯ ಕಂಪ್ಯೂಟರುಗಳಿದ್ದವು, ಪ್ರತಿಯೊಂದರ ತಲೆಯ ಮೇಲೂ ಚೀಟಿ. ‘ಇದರ ಫ್ಲಾಪಿ ಓದುವುದಿಲ್ಲ.’ ‘ಇದು ಬಿಸಿಯಾದರೆ ನಿಲ್ಲುತ್ತದೆ.’ ಒಂದರ ಮೇಲೆ ‘ಇದರ ಕೀಬೋರ್ಡು ನನ್ನಿಂದ ಹಾಳಾದದ್ದು’ ಎಂದೂ ಇತ್ತು. ಹೀಗೆಲ್ಲ ಬರೆದರೆ ಕಲಿಯಲು ಯಾರು ಬರುತ್ತಾರೆ ಎಂದೆ. “ಗೊತ್ತಿಲ್ದೆ ಕೂತ್ಕೊಂಡು ಆಮೇಲೆ ಗೊತ್ತಾದ್ರೆ ಒಬ್ರೂ ಬರಲ್ಲ” ಎಂದಳು. ನನಗೆ ಆಕೆ ತುಂಬ ಇಷ್ಟವಾದಳು. ಆಕೆಗೂ ನಾನು ಅಲ್ಪಸ್ವಲ್ಪ ಇಷ್ಟವಾಗಿದ್ದೆ ಎನ್ನುವುದಕ್ಕೆ ಸಾಕ್ಷಿ ಇದೆ. ದಸರೆಗೆ ಸ್ವಲ್ಪ ಮುಂಚೆ ತಾನೇ ತನ್ನ ಅಮ್ಮನ ಹತ್ತಿರ ಮಾತೆತ್ತಿದಳು.

ಅಪ್ಪ ಇಲ್ಲದ ಮನೆ. ಅಮ್ಮ ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿ ನಿವೃತ್ತರಾದವರು, ಲಿಂಗಪೂಜೆಯಾಗದೆ ಹನಿ ನೀರು ಮುಟ್ಟದವರು. ನನ್ನ ಕುಲ ಗೋತ್ರ ಸಂಬಳ ಎಲ್ಲ ವಿಚಾರಿಸಿ ಒಪ್ಪಿದರು. ಒಂದೇ ತೊಡಕು. “ನಮ್ಮ ಮಗು ಹುಟ್ಟಿದ ದಿನ ಮನೆ ಗಡಿಯಾರ ನಿಂತೋಗಿತ್ತು ಕಣಪ್ಪ. ಟೈಮ್ ಬರ್ಕೊಂಡಿಲ್ಲ. ಜಾತಕ ಇಲ್ಲ. ಪ್ರಶ್ನೆ ಕೇಳ್ದೆ ಮಾತ್ರ ನಾನು ಮುಂದುವರಿಯಾಕಿಲ್ಲ” ಎಂದರು. ಯಾರ ಹತ್ತಿರ ಕೇಳುವುದು? ಅವರಿಗೆ ಜೋಯಿಸರ ಮೇಲೆ ನಂಬಿಕೆ ಇರಲಿಲ್ಲ, ಯಾರೋ ದುಡ್ಡು ತಿಂದು ಸುಳ್ಳು ಹೇಳಿದ್ದ ಕಥೆ ಇತ್ತು. ಕುಣಿಗಲ್ಲಿನಲ್ಲಿ ಕಂಪ್ಯೂಟರಿನಲ್ಲಿ ಹೇಳುತ್ತಾರಂತೆ, ಅಲ್ಲಿಗೇ ಹೋಗೋಣ ಎಂದರು. ಹೇಳುವವರು ಹುಡುಗನ ಸ್ವಂತ ಸೋದರಮಾವ, ತಂದೆತಾಯಿ ಇಲ್ಲದ ಹುಡುಗನಿಗೆ ಇರುವ ಒಬ್ಬರೇ ಹಿರಿಯರು ಎಂದು ತಿಳಿದ ಮೇಲೂ ಅವರ ಮನಸ್ಸು ಬದಲಾಗಲಿಲ್ಲ. ಮಾವನೂ, “ನಾನು ಹುಡುಗನ್ ಕಡೆಯೋನು, ದಿಟ. ಮಿಷನ್ನು ಯಾರ್ ಕಡೆದೂ ಅಲ್ಲ” ಎಂದರು. ನಾನು ಆಕೆಯ ಮುಖ ನೋಡಿದೆ, ಆಕೆ ನನ್ನ ಮುಖ ನೋಡಿದಳು. ಈ ಶಾಸ್ತ್ರವೆಲ್ಲ ಸುಳ್ಳು ಎಂದು ನಂಬಿದ್ದ ಇಬ್ಬರೂ ಸುಮ್ಮನಿದ್ದೆವು.

ದಸರೆ ಕಳೆದ ಮೊದಲ ಸೋಮವಾರ ಎಲ್ಲರೂ ಮಾವನ ಜಗಲಿಯಲ್ಲಿ ಸೇರಿದೆವು. ಅತ್ತೆ ಉಪ್ಪಿಟ್ಟು ಕೊಟ್ಟರು. ಅಮ್ಮ ಮಣೆಯ ಮೇಲೆ ಕೂತು, ಕಣ್ಣು ಮುಚ್ಚಿ, “ಈ ಸಂಬಂಧ ಕೂಡಿ ಬರ್ತದಾ? ಮಕ್ಕಳು ಚೆನ್ನಾಗಿರ್ತಾರಾ?” ಎಂದು ಕೇಳಿದರು. ಗೋಡೆ ಗಡಿಯಾರದಲ್ಲಿ ಹತ್ತು ನಲವತ್ತು. “ರೈಟ್!” ಎಂದು ಮಾವ ಕೀಲಿ ಒತ್ತಿದರು. ಪರದೆಯ ಮೇಲೆ ಬಂತು: ಶುಭ. ಶೀಘ್ರ. ದಂಪತಿ ಸುಖ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾವ ಗಂಭೀರವಾಗಿ ರಿಜಿಸ್ಟರಿನಲ್ಲಿ ಹತ್ತು ನಲವತ್ತು, ಐವತ್ತೇಳು ಘಟಿ ಎಂದು ಬರೆದುಕೊಂಡರು. ಕಾರ್ತಿಕದ ಕೊನೆಗೆ ನಿಶ್ಚಿತಾರ್ಥ ಎಂದಾಯಿತು.

ಮುಂದಿನ ಭಾನುವಾರ, ಮಾವ ಮಲಗಿದ ಮೇಲೆ ನಾನು ಎಂದಿನಂತೆ ಒತ್ತುವರಿ ಜಮೀನಿಗೆ ಹೋದೆ. ಆಕೆಗೆ ತೋರಿಸಿ ನಗಿಸೋಣ ಎಂದು ಪ್ರೋಗ್ರಾಮು ನಮ್ಮ ಪ್ರಶ್ನೆಯ ಕುಂಡಲಿ ಉಳಿಸಿಟ್ಟಿದ್ದ ಫೈಲನ್ನು ಬೇಲಿಯಾಚೆಯ ವಿಂಡೋಸಿನ ಭಾಗದಲ್ಲಿ ಹುಡುಕಿದೆ. ಫೈಲು ಸಿಕ್ಕಿತು, ಪಕ್ಕದಲ್ಲಿ ಅದನ್ನು ಉಳಿಸಿದ ಹೊತ್ತೂ ಇತ್ತು. ಸೋಮವಾರ ಬೆಳಗಿನ ಜಾವ ಐದು ಗಂಟೆ ಹತ್ತು ನಿಮಿಷ. ಆ ಹೊತ್ತಿನಲ್ಲಿ ನಾವು ಯಾರೂ ಉಪ್ಪಿಟ್ಟು ತಿನ್ನುತ್ತಿರಲಿಲ್ಲ. ಬೆರಳು ಮಡಿಸಿ ಎಣಿಸಿದೆ. ಐದೂವರೆ ಗಂಟೆ. ಗ್ರೀನಿಚ್.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ವಿಂಡೋಸಿಗೆ ಹೋಗಿ, ಜ್ಯೋತಿಷ್ಯದ ಪ್ರೋಗ್ರಾಮು ತೆರೆದು, ಆ ಸೋಮವಾರದ ಹತ್ತು ನಲವತ್ತು ಎಂದು ಕೈಯಿಂದಲೇ ತುಂಬಿ ಒತ್ತಿದೆ. ಬಂತು: ಅಶುಭ. ಕಲಹ. ವಿಯೋಗ. ನಾನು ನಕ್ಕೆ. ನಗು ಬಂದಷ್ಟೇ ಬೇಗ ಹೋಯಿತು. ಆಮೇಲೆ ಮತ್ತೊಂದು ಸಲ ಒತ್ತಿ ನೋಡಿದೆ. ಅದೇ ಬಂತು.

ಈಗ ನನ್ನ ತರ್ಕ ಕೇಳಿ. ಜ್ಯೋತಿಷ್ಯ ಸುಳ್ಳು. ಆದ್ದರಿಂದ ತಪ್ಪು ಹೊತ್ತಿನ ಕುಂಡಲಿ ಎಷ್ಟು ಸುಳ್ಳೋ ಸರಿ ಹೊತ್ತಿನ ಕುಂಡಲಿಯೂ ಅಷ್ಟೇ ಸುಳ್ಳು. ಸುಳ್ಳಿನ ಬದಲು ಸುಳ್ಳು ಹೋಗಿದೆ, ಯಾರಿಗೂ ನಷ್ಟವಿಲ್ಲ. ನಷ್ಟವಿಲ್ಲದ್ದನ್ನು ಹೇಳುವ ಅಗತ್ಯವೂ ಇಲ್ಲ. ಹೇಳಿದರೆ ಅಮ್ಮ ಈ ಮದುವೆ ಬೇಡವೆನ್ನುತ್ತಾರೆ, ಒತ್ತುವರಿಯ ವಿಷಯ ತಿಳಿದು ಮಾವ ಮನೆಗೆ ಸೇರಿಸುವುದಿಲ್ಲ. ಹೀಗೆ ವೈಚಾರಿಕವಾಗಿ ನಿರ್ಧಾರ ಮಾಡಿ, ಲಿನಕ್ಸಿನ ಒಂದು ಸಾಲು ತಿದ್ದಿ, ಒಳಗಿನ ಗಡಿಯಾರವನ್ನು ಊರಿನ ಹೊತ್ತಿಗೆ ತಂದು, ಬಾಯಿ ಒರೆಸಿಕೊಂಡು ಎದ್ದೆ. ಶನಿವಾರ ಆಕೆಯ ಎದುರು ಕೂತು ಸೌಂಡ್ ಕಾರ್ಡಿನ ವಿಷಯ ಮಾತಾಡಿದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಅದರ ಮರುದಿನ ಕುಣಿಗಲ್ಲಿಗೆ ಹೋದಾಗ ಮಾವ ಜಗಲಿಯಲ್ಲಿ ತೊಡೆಯ ಮೇಲೆ ರಿಜಿಸ್ಟರ್ ಇಟ್ಟುಕೊಂಡು ಕೂತಿದ್ದರು. ಬೋರ್ಡನ್ನು ಗೋಡೆಯ ಕಡೆ ತಿರುಗಿಸಿ ಇಟ್ಟಿದ್ದರು.

“ಬಾರ್ಲಾ ಇಲ್ಲಿ. ಇದ್ನ ನೋಡು. ಬೆಳಿಗ್ಗೆ ಹತ್ತೂವರೆಗೆ ಬಂದೋರ್ಗೆಲ್ಲ ಮಿಷನ್ನು ಐವತ್ತಾರು ಐವತ್ತೇಳು ಘಟಿ ತೋರುಸ್ತಿತ್ತು. ಈ ಸೋಮವಾರದಿಂದ ಅದೇ ಹೊತ್ತಿಗೆ ಹತ್ತು, ಹನ್ನೊಂದು ತೋರುಸ್ತೈತೆ. ಆಷಾಢದಾಗೂ ಒಂದ್ಸಲ ಹಿಂಗೇ ಎಗರಿತ್ತು. ದಕ್ಷಿಣಾಯನ ಬಂತು, ಸೂರ್ಯನೇ ದಾರಿ ಬದಲಾಯಿಸ್ತಾನೆ, ಘಟಿ ಬದಲಾಗ್ದೇ ಇರ್ತದಾ ಅಂತ ಸುಮ್ಕಾದೆ. ಈಗ್ಯಾವ ಅಯನ?”

“ಸೆಲ್ ವೀಕಾಗಿರ್ಬೇಕು ಮಾವ. ಒಳಗೆ ಒಂದು ಸಣ್ಣ ಸೆಲ್ ಇರತ್ತೆ” ಎಂದೆ.

ಮಾವ ಕನ್ನಡಕ ತೆಗೆದು ನನ್ನನ್ನು ನೋಡಿದರು. “ಸೆಲ್ ವೀಕಾದ್ರೆ ಗಡಿಯಾರ ದಿನಾ ಇಷ್ಟಿಷ್ಟು ಹಿಂದೆ ಬೀಳ್ತದೆ ಕಣ್ಲಾ. ಇದು ಬಿದ್ದಿಲ್ಲ. ಅರವತ್ತು ಘಟಿಗೊಂದು ದಿನ ಅಂತ ಲೆಕ್ಕ ಹಾಕ್ದೆ. ಮೂರು ತಿಂಗಳೂ ಒಂದೇ ಸಮ, ಹದಿಮೂರು ಮುಕ್ಕಾಲು ಘಟಿ ಹಿಂದೆ ನಿಂತ್ಕಂಡು ಸರಿಯಾಗೇ ಓಡೈತೆ. ಐದೂವರೆ ಗಂಟೆ. ಇದು ಕೆಟ್ಟ ಗಡಿಯಾರ ಅಲ್ಲ. ಇದು ಬೇರೆ ಯಾವ್ದೋ ಊರಿನ ಗಡಿಯಾರ. ಎರಡು ಸಲ ಎಗರಿದ್ದೂ ಭಾನುವಾರದ ಮಾರನೇ ದಿನ. ಭಾನುವಾರ ಈ ಮಿಷನ್ ಮುಟ್ಟೋನು ಯಾವನು?”

ಎಂಜಿನಿಯರ್ ನಾನು ಮೂರು ತಿಂಗಳು ಕಂಡುಹಿಡಿಯಲಾಗದ ದೋಷವನ್ನು ಅವರು ನಾಲ್ಕು ಗೆರೆ ಎಳೆದು ಹಿಡಿದಿದ್ದರು. ನಾನು ಎಲ್ಲವನ್ನೂ ಹೇಳಿದೆ. ಒತ್ತುವರಿ, ಲಿನಕ್ಸ್, ಗ್ರೀನಿಚ್. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ರಿಜಿಸ್ಟರಿನ ಮೂರು ಪುಟಗಳನ್ನು ನಿಧಾನವಾಗಿ ತಿರುವಿ, “ಇಷ್ಟು ಜನಕ್ಕೆ ತಪ್ಪು ಟೈಮ್ ಹೇಳಿದೀನಿ” ಎಂದರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

ಮರುದಿನದಿಂದ ಮಾವ ಮನೆಮನೆಗೆ ಹೋಗತೊಡಗಿದರು. ರಿಜಿಸ್ಟರಿನ ಕ್ರಮಸಂಖ್ಯೆಯ ಪ್ರಕಾರ, ಒಬ್ಬೊಬ್ಬರ ಮನೆಗೂ, ಬಸ್ಸಿನಲ್ಲಿ, ಬಸ್ಸಿಲ್ಲದ ಕಡೆ ನಡೆದು. ಬಾಗಿಲಲ್ಲಿ ನಿಂತು, “ನನ್ನ ಮಿಷನ್ನಿನ ಗಡಿಯಾರ ತಪ್ಪಾಗಿತ್ತು. ನಾನು ಹೇಳಿದ ಫಲ ನಿಮ್ಮ ಪ್ರಶ್ನೇದಲ್ಲ. ಕ್ಷಮಿಸ್ಬೇಕು” ಎನ್ನುವುದು. ಒಂದೆರಡು ಕಡೆ ಜೊತೆಗೆ ನಾನೂ ಹೋದೆ, ಹೋಗದೆ ಗತಿಯಿರಲಿಲ್ಲ. ಕೋರ ಎಂಬ ಊರಿನ ರೈತರೊಬ್ಬರಿಗೆ ಎಮ್ಮೆ ಪಶ್ಚಿಮಕ್ಕೆ ಹೋಗಿದೆ ಎಂದು ಮಾವ ಹೇಳಿದ್ದರು, ಅದು ಎರಡು ದಿನ ಬಿಟ್ಟು ಪೂರ್ವದಿಂದ ತಾನಾಗೇ ಬಂದಿತ್ತು. ಆ ರೈತರು ತಪ್ಪೊಪ್ಪಿಗೆಯನ್ನು ಕೇಳಲೇ ತಯಾರಿರಲಿಲ್ಲ. “ಬುಡಿ ಬುದ್ಧಿ, ನೀವು ಪಶ್ಚಿಮ ಅಂದಿದ್ಕೇ ಅದು ಹೆದರ್ಕಂಡು ಪೂರ್ವದಿಂದ ಬಂತು” ಎಂದು ಮಜ್ಜಿಗೆ ಕೊಟ್ಟರು. ಕುಣಿಗಲ್ಲಿನಲ್ಲೇ ವರ್ಗಾವಣೆಯ ಪ್ರಶ್ನೆ ಕೇಳಿದ್ದ ಒಬ್ಬರು, ತಾವು ಕೇಳಿದ ಊರೇ ಸಿಕ್ಕಿರುವುದರಿಂದ ತಮ್ಮ ಮಟ್ಟಿಗೆ ತಪ್ಪು ಗಡಿಯಾರವನ್ನೇ ಇಟ್ಟುಕೊಳ್ಳಬೇಕೆಂದು ಕೋರಿದರು. ಹೆಬ್ಬೂರಿನ ಹತ್ತಿರ ಒಂದು ಮನೆಯಲ್ಲಿ ಮಾತ್ರ ಬೇರೆಯಾಯಿತು. ಪ್ರಶ್ನೆ ಅಶುಭ ಬಂತೆಂದು ಅವರು ಮಗಳಿಗೆ ಬಂದಿದ್ದ ಸಂಬಂಧವನ್ನು ಬಿಟ್ಟಿದ್ದರು. ಹುಡುಗನಿಗೆ ಆಗಲೇ ಬೇರೆ ಕಡೆ ಗೊತ್ತಾಗಿತ್ತು. ಮನೆಯ ಯಜಮಾನರು ಪೂರ್ತಿ ಕೇಳಿಸಿಕೊಂಡು ಬಾಗಿಲು ಹಾಕಿಕೊಂಡರು. ಮಾವ ಆವತ್ತು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಎರಡು ಬಸ್ಸು ಬಿಟ್ಟರು. ಕಾಫಿ ತಂದುಕೊಟ್ಟರೆ ಕುಡಿಯಲಿಲ್ಲ. ಸುಳ್ಳಿನ ಬದಲು ಸುಳ್ಳು, ಯಾರಿಗೂ ನಷ್ಟವಿಲ್ಲ ಎಂದು ಲೆಕ್ಕ ಹಾಕಿದ್ದ ನಾನು ಪಕ್ಕದಲ್ಲೇ ನಿಂತಿದ್ದೆ.

ನಮ್ಮ ಪ್ರಶ್ನೆ ಮೂರನೆಯ ಪುಟದ ಕೊನೆಯಲ್ಲಿತ್ತು. ನಾನು ಮೊದಲ ವಾರವೇ ಗೋಗರೆದೆ.

“ಮಾವ, ಅದೊಂದನ್ನ ಬಿಟ್ಬಿಡಿ. ನಿಶ್ಚಿತಾರ್ಥಕ್ಕೆ ದಿನ ಗೊತ್ತಾಗಿದೆ.”

“ಬಿಡಾಕ್ಕಾಗಲ್ಲ ಕಣ್ಲಾ. ಆದ್ರೆ ನಿನ್ನ ನಂಬರ್ ಬರೋಕೆ ಇನ್ನೂ ಮೂರ್ನಾಕು ವಾರ ಐತೆ. ಅಷ್ಟ್ರೊಳಗೆ ನೀನೇ ಹೋಗಿ ಹೇಳು. ನಾನು ಹೇಳೋದ್ಕೂ ನೀನು ಹೇಳೋದ್ಕೂ ವ್ಯತ್ಯಾಸ ಐತೆ.”

ನಾನು ಹೂಂ ಎಂದೆ. ಆಮೇಲೆ ಬಂದ ಶನಿವಾರ ಹೇಳಬೇಕೆಂದೇ ಹೋದೆ. ಆಕೆ ಗುಬ್ಬಿಯ ಕ್ಲಾಸಿನಲ್ಲಿ ಒಂದು ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಹಳೆಯ ಪ್ರಿಂಟರಿನಲ್ಲಿ ಒಂದು ಪುಟ ಕನ್ನಡ ಮುದ್ರಿಸಿ ತಂದಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಇಷ್ಟು ಸಂತೋಷದ ಹೊತ್ತಿನಲ್ಲಿ ಯಾಕೆ ಎಂದು ಸುಮ್ಮನಾದೆ. ಅದರ ಮುಂದಿನ ಶನಿವಾರ ಆಕೆಗೆ ನೆಗಡಿ. ಅದರ ಮುಂದಿನದು ಒಳ್ಳೆಯ ದಿನವಲ್ಲವಂತೆ. ಒಳ್ಳೆಯ ದಿನ ನೋಡುವವನು ನಾನಲ್ಲ, ಆದರೂ ಆವತ್ತು ನೋಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಆಕೆ ‘ಯಾಕೆ ಸಪ್ಪಗಿದೀರಾ’ ಎಂದು ಕೇಳಿದಾಗೆಲ್ಲ ಕಾರ್ಖಾನೆಯಲ್ಲಿ ಸ್ಟಾಕು ಎಣಿಕೆ ಎನ್ನುತ್ತಿದ್ದೆ.

ನಂಬರ್ ಬಂತು. ಮಾವ ಮಡಿ ಮಾಡಿದ ಪಂಚೆ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿ, ಕುಣಿಗಲ್ಲಿನಿಂದ ತುಮಕೂರಿಗೆ ಒಂದು ಬಸ್ಸು, ತುಮಕೂರಿನಿಂದ ಗುಬ್ಬಿಗೆ ಇನ್ನೊಂದು ಬಸ್ಸು ಹತ್ತಿದರು. ತುಮಕೂರಿನಲ್ಲಿ ನಾನು ಸೇರಿಕೊಂಡೆ. “ಹೇಳಿದ್ಯೇನ್ಲಾ?” ಎಂದು ಕೇಳಿದರು. ನಾನು ಕಿಟಕಿಯ ಕಡೆ ನೋಡಿದೆ.

ಗುಬ್ಬಿಯ ಮನೆಯಲ್ಲಿ ಅಮ್ಮ ಸಡಗರದಿಂದ ಚಾಪೆ ಹಾಸಿದರು. ಮಾವ ಕೂರಲಿಲ್ಲ. ನಿಂತೇ, ಎಲ್ಲ ಕಡೆ ಹೇಳಿದ್ದನ್ನೇ ಹೇಳಿದರು. ಗಡಿಯಾರ ತಪ್ಪಾಗಿತ್ತು, ಶುಭ ಎಂದು ಬಂದದ್ದು ನಿಮ್ಮ ಪ್ರಶ್ನೆಗಲ್ಲ, ಮಿಷನ್ನು ನನ್ನದು, ತಪ್ಪೂ ನನ್ನದೇ ಎಂದರು. ನನ್ನ ಹೆಸರು ಎತ್ತಲಿಲ್ಲ. ಅಮ್ಮ ಬಹಳ ಹೊತ್ತು ಕೈಯಲ್ಲಿದ್ದ ನೀರಿನ ಚೊಂಬನ್ನು ಹಾಗೇ ಹಿಡಿದು ನಿಂತಿದ್ದರು. ನನ್ನ ಮದುವೆ ಆ ಚೊಂಬಿನಲ್ಲಿದೆ ಎನ್ನಿಸಿತು.

“ಕೂತ್ಕೊಳಿ ಬೀಗ್ರೇ” ಎಂದರು ಕೊನೆಗೆ. “ಯಾರೂ ಕೇಳ್ದೇ ಇರೋದ್ನ ಇಷ್ಟು ದೂರ ಬಂದು ಹೇಳಿದ್ರಲ್ಲ, ಇಂಥ ಮನೆಗೆ ಮಗಳನ್ನ ಕೊಡೋಕೆ ನಂಗಿನ್ಯಾವ ಪ್ರಶ್ನೆ ಬೇಕು? ಒಂದು ರುದ್ರಾಭಿಷೇಕ ಮಾಡ್ಸಿ ಮುಂದುವರ್ಸೋಣ.”

ನಾನು ನಗಲು ಶುರು ಮಾಡಿದ್ದೆ. ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಆಕೆ ಮುಂದೆ ಬಂದಳು. ಗಡಿಯಾರ ಎಷ್ಟು ಗಂಟೆ ಹಿಂದಿತ್ತು ಎಂದು ಮಾವನನ್ನು ಕೇಳಿದಳು. ಐದೂವರೆ ಎಂದರು. ಆಕೆಗೆ ಇನ್ನೇನೂ ಹೇಳಬೇಕಾಗಿರಲಿಲ್ಲ. ಲಿನಕ್ಸ್ ಕೇಳುವ ಆ ಪ್ರಶ್ನೆ ಆಕೆಗೂ ಗೊತ್ತಿತ್ತು. ನನ್ನ ಕಡೆ ತಿರುಗಿದಳು.

“ನಿಮಗೆ ಯಾವಾಗ ಗೊತ್ತಾಯ್ತು?”

ಮಾವ ನನ್ನನ್ನು ಕಾಪಾಡಲು ಬಾಯಿ ತೆರೆದರು, ಮತ್ತೆ ಮುಚ್ಚಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದವರ ಕಷ್ಟ ಅದು. “ಪ್ರಶ್ನೆ ಕೇಳಿದ ಮುಂದಿನ ಭಾನುವಾರ” ಎಂದೆ ನಾನೇ.

ಆಕೆ ಮನಸ್ಸಿನಲ್ಲೇ ಎಣಿಸಿದಳು. “ನಾಲ್ಕು ಶನಿವಾರ ಎದುರಿಗೆ ಕೂತಿದ್ರಿ.”

“ಅದೆಲ್ಲ ಸುಳ್ಳು ಅಂತ ನಿಮಗೂ ಗೊತ್ತಲ್ಲ. ನೀವೂ ನಂಬಲ್ಲ, ನಾನೂ ನಂಬಲ್ಲ. ಅದಕ್ಕೇ ಹೇಳ್ಲಿಲ್ಲ” ಎಂದೆ.

“ಹೌದು, ನಾನು ನಂಬಲ್ಲ. ನೀವು ಹೇಳಿದ್ರೆ ಇಬ್ರೂ ಕೂತು ನಗ್ತಿದ್ವಿ. ನಂಬೋರು ಎರಡು ಬಸ್ ಹತ್ತಿ ಬಂದು ಹೇಳಿದ್ರು. ನಂಬದೇ ಇರೋ ನಿಮಗೆ ಹೇಳೋಕೆ ಏನ್ ಕಷ್ಟ ಇತ್ತು?”

ಅಮ್ಮ, “ಹೋಗ್ಲಿ ಬಿಡೇ, ಗಂಡಸ್ರು ಮರೀತಾರೆ” ಎಂದರು. ಆಕೆ ಬಿಡಲಿಲ್ಲ. ಕೋಪವಿಲ್ಲದೆ, ಯಾವುದೋ ಕೆಟ್ಟ ಭಾಗವನ್ನು ಪರೀಕ್ಷೆ ಮಾಡುವ ಹಾಗೆ ನನ್ನ ಮುಖವನ್ನೇ ನೋಡುತ್ತ ಉತ್ತರಕ್ಕೆ ಕಾದಳು. ನಾನು ಏನಾದರೂ ನಿಜ ಹೇಳಿದ್ದರೆ ಮದುವೆ ಉಳಿಯುತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಕೊನೆಗೆ ಅಮ್ಮನ ಕಡೆ ತಿರುಗಿ, “ನನಗೆ ಈ ಸಂಬಂಧ ಬೇಡಮ್ಮ” ಎಂದು ಒಳಗೆ ಹೋದಳು.

ಆಕೆ ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ಸರಿಯಾದ ಹೊತ್ತು ಹಾಕಿ ಒತ್ತಿದಾಗ ವಿಯೋಗ ಎಂದು ಬಂದಿತ್ತು, ಎರಡು ಸಲ ಬಂದಿತ್ತು, ನಾನು ಅದನ್ನು ನಂಬಿ ಹೆದರಿದ್ದೆ. ಹಾಗೆಂದು ಆಕೆಯ ಎದುರು ಒಪ್ಪಿಕೊಳ್ಳಲು ನಾಚಿಕೆಯಾಗಿ, ಅದನ್ನೂ ಹೇಳಲಿಲ್ಲ.